ಕಂದಾಯದ ಚಲನ್ನಿನಲ್ಲಿ ಇನ್ನೊಂದು ಸಾಲು ಬೇಡ



ಏಪ್ರಿಲ್ ಬಂತೆಂದರೆ ದಾವಣಗೆರೆಯಲ್ಲೂ ಹರಿಹರದಲ್ಲೂ ಮನೆ ಕಂದಾಯದ ಮಾತು ಶುರುವಾಗುತ್ತದೆ. ಆ ತಿಂಗಳೊಳಗೆ ಕಟ್ಟಿದರೆ ಶೇಕಡಾ 5ರಷ್ಟು ರಿಯಾಯಿತಿ. ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2ರಂತೆ ದಂಡ. ನಮ್ಮಲ್ಲಿ ಬಹಳ ಮಂದಿ ಕೊನೆಯ ಮೊತ್ತ ನೋಡುತ್ತಾರೆ, ಹಣ ಕಟ್ಟುತ್ತಾರೆ, ರಸೀದಿಯನ್ನು ಮನೆಪತ್ರಗಳ ಜೊತೆ ಟ್ರಂಕಿನಲ್ಲಿಟ್ಟು ಮರೆಯುತ್ತಾರೆ. ಇವತ್ತು ಆ ಚಲನ್ನನ್ನು ಹೊರಗೆ ತೆಗೆದು, ನಿಮ್ಮ ಜೊತೆ ಕೂತು, ಒಂದೊಂದೇ ಸಾಲು ಓದಬೇಕೆಂದು ನನ್ನ ಆಸೆ.

ಮೊದಲ ಸಾಲು ಆಸ್ತಿ ತೆರಿಗೆ. ಅದರ ಕೆಳಗೆ ಉಪಕರಗಳು. ತೆರಿಗೆಯ ಮೇಲೆ ಆರೋಗ್ಯ ಕರ ಶೇಕಡಾ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3, ನಗರ ಸಾರಿಗೆ ಕರ 2. ಕೂಡಿದರೆ ಶೇಕಡಾ 26. ಮನೆಯ ತೆರಿಗೆ 2000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಬೆನ್ನಿಗೆ ಆರೋಗ್ಯಕ್ಕೆ 300, ಗ್ರಂಥಾಲಯಕ್ಕೆ 120, ಭಿಕ್ಷುಕರ ಪುನರ್ವಸತಿಗೆ 60, ಸಾರಿಗೆಗೆ 40, ಒಟ್ಟು 520 ರೂಪಾಯಿ ಸೇರುತ್ತದೆ. ಕಸ ವಿಲೇವಾರಿಯ ಶುಲ್ಕ ಬೇರೆ.

ಈ ಚಲನ್ನಿಗೆ ಮುಂದೊಂದು ದಿನ ಇನ್ನೊಂದು ಸಾಲು ಸೇರಬಹುದೇ? ನೆರೆ, ಬಿರುಗಾಳಿ, ಬೆಂಕಿ ಇಂಥ ಅನಾಹುತಗಳಿಗೆ ಊರಿನ ಎಲ್ಲ ಮನೆಗಳಿಗೂ ಒಟ್ಟಿಗೆ ವಿಮೆ ಮಾಡಿಸುವುದು, ಅದರ ಕಂತನ್ನು ಮನೆ ಕಂದಾಯದ ಜೊತೆಗೇ ವಸೂಲು ಮಾಡುವುದು. ಇಂಥ ಕರ ನಮ್ಮ ಪಾಲಿಕೆಯಲ್ಲಾಗಲಿ ನಗರಸಭೆಯಲ್ಲಾಗಲಿ ಇಂದು ಇಲ್ಲ. ಆದರೆ ಹವಾಮಾನ ಕೆಟ್ಟಂತೆಲ್ಲ ವಿಪತ್ತು ವಿಮೆಯ ಮಾತು ದೇಶದಲ್ಲಿ ಬಲವಾಗುತ್ತಿದೆ. ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗ ತನ್ನ ವರದಿಯಲ್ಲಿ ವಿಪತ್ತು ವಿಮೆಯ ದಾರಿಗಳನ್ನು ಪರಿಶೀಲಿಸಿತು. ನಾಗಾಲ್ಯಾಂಡ್ ಸರ್ಕಾರ ಇಡೀ ರಾಜ್ಯಕ್ಕೆ ಇಂಥ ವಿಮೆ ಮಾಡಿಸಿದೆ. ಹೀಗಿರುವಾಗ, ವಿಮೆಯ ಕಂತಿಗೆ ಹಣ ಎಲ್ಲಿಂದ ಎಂಬ ಪ್ರಶ್ನೆ ಎದ್ದ ದಿನ ಮೊದಲು ಕಣ್ಣಿಗೆ ಬೀಳುವುದು ಮನೆ ಕಂದಾಯವೇ. ಮನೆ ಓಡಿಹೋಗುವುದಿಲ್ಲ, ಲೆಕ್ಕ ಸಿದ್ಧವಾಗಿದೆ, ವಸೂಲಿಯ ಏರ್ಪಾಡೂ ಇದೆ. ಆ ದಿನ ಬರುವ ಮುಂಚೆಯೇ ಬೇಡ ಎಂದು ಹೇಳಲು, ಏಕೆ ಬೇಡ ಎಂದು ವಿವರಿಸಲು ಬಂದಿದ್ದೇನೆ.

ಹಾಗೆಂದು ವಿಮೆ ಕೇಳುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಅವರ ಸಂಕಟ ನಿಜವಾದದ್ದು. 2023ರಲ್ಲಿ ನಮ್ಮ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ ಕೇಳಿದ್ದು 18,171 ಕೋಟಿ ರೂಪಾಯಿ. ಅದಕ್ಕಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು. 2024ರ ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ನೆರೆಯಲ್ಲಿ ಪಕ್ಕಾ ಮನೆ ಪೂರ್ತಿ ಬಿದ್ದರೆ ಬಯಲು ಪ್ರದೇಶದಲ್ಲಿ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 2022ರಲ್ಲಿ ನಿಗದಿಯಾದದ್ದು 1 ಲಕ್ಷ 20 ಸಾವಿರ. ಅಷ್ಟರಲ್ಲಿ ಇವತ್ತು ಒಂದು ಕೋಣೆಯನ್ನೂ ಸರಿಯಾಗಿ ಎಬ್ಬಿಸಲಾಗದು. 2019ರ ಮಹಾನೆರೆಯಲ್ಲಿ ರಾಜ್ಯ ಸರ್ಕಾರ ತನ್ನ ಹಣ ಸೇರಿಸಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಆದರೆ ಅಂಥ ತೀರ್ಮಾನ ಆಯಾ ವರ್ಷದ ಸರ್ಕಾರದ ಮನಸ್ಸಿಗೆ ಬಿಟ್ಟದ್ದು. ಯಾರ ಮನಸ್ಸನ್ನೂ ಕಾಯದೆ, ಕಾಗದದಲ್ಲಿ ಬರೆದಂತೆ ಹಣ ಬರುವ ಹಾಗಿದ್ದರೆ ಎಷ್ಟು ಚೆನ್ನ ಎಂದು ಸಂತ್ರಸ್ತರು ಬಯಸಿದರೆ ಅದು ತಪ್ಪೇ? ಖಂಡಿತ ಅಲ್ಲ.

ನನ್ನ ತಕರಾರು ಇರುವುದು ಆ ಹಣವನ್ನು ಮನೆ ಕಂದಾಯದಿಂದ ತೆಗೆಯುವುದಕ್ಕೆ. ನಮ್ಮ ಎರಡೂ ಊರುಗಳಿಗೆ ನೀರು ಹೇಗೆ ಬರುತ್ತದೆ ಎನ್ನುವುದನ್ನು ನೋಡಿದರೆ ಈ ತಕರಾರಿನ ಮೂಲ ತಿಳಿಯುತ್ತದೆ.

ದಾವಣಗೆರೆಗೂ ಹರಿಹರಕ್ಕೂ ನಡುವೆ 14 ಕಿಲೋಮೀಟರ್. ಬಸ್ಸಿನಲ್ಲಿ ಅರ್ಧ ತಾಸು. ಆದರೆ ನೀರಿನ ಕಷ್ಟ ಎರಡೂ ಕಡೆ ಬೇರೆ ಬೇರೆ. ಹರಿಹರಕ್ಕೆ ಹೊಳೆ ಬರುತ್ತದೆ. ಪುಷ್ಯ, ಆಶ್ಲೇಷ ಮಳೆಗಳು ಆಗುಂಬೆ, ತೀರ್ಥಹಳ್ಳಿ, ಶೃಂಗೇರಿಯ ಕಡೆ ಜಡಿ ಹಿಡಿದು ಹೊಡೆದರೆ ಗಾಜನೂರಿನ ತುಂಗಾ ಅಣೆಕಟ್ಟು ತುಂಬಿ ಹರಿಯುತ್ತದೆ. ಅದು ಚಿಕ್ಕ ಜಲಾಶಯ, ನೀರನ್ನು ಹೆಚ್ಚು ಹೊತ್ತು ಹಿಡಿದಿಡಲಾರದು. ಲಕ್ಕವಳ್ಳಿಯ ಭದ್ರಾ ಜಲಾಶಯ ದೊಡ್ಡದು, ಅದರ ಪೂರ್ಣ ಮಟ್ಟ 186 ಅಡಿ. ಅದೂ ತುಂಬಿ ಗೇಟು ಎತ್ತಿದ ವರ್ಷ ಎರಡು ಹೊಳೆಗಳ ನೀರು ಕೂಡ್ಲಿಯಲ್ಲಿ ಒಂದಾಗಿ ಹೊನ್ನಾಳಿಯ ಬಾಲರಾಜ ಘಾಟಿಗೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಹರಿಹರದ ಗಂಗಾನಗರ, ತಾಲ್ಲೂಕಿನ ಉಕ್ಕಡಗಾತ್ರಿ. ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳವೂ ಹರಿಹರದಲ್ಲೇ ತುಂಗಭದ್ರೆಯನ್ನು ಸೇರುತ್ತದೆ. ಇಷ್ಟೆಲ್ಲ ಆಗುವಾಗ ಹರಿಹರದ ಮೇಲಿನ ಆಕಾಶದಲ್ಲಿ ಬರೀ ಜಿನುಗು ಮಳೆ ಇರಬಹುದು, ಬಿಸಿಲೂ ಇರಬಹುದು.

ದಾವಣಗೆರೆಗೆ ಹೊಳೆಯಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯ ಬಯಲು ಊರಿದು. ಕುಡಿಯುವ ನೀರಿಗೆ ನಾವು ರಾಜನಹಳ್ಳಿಯ ಹೊಳೆಯನ್ನೂ ಭದ್ರಾ ನಾಲೆಯನ್ನೂ ನಂಬಿದವರು. ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆ ತುಂಬಿದರೆ ಹಬ್ಬ ಮಾಡುವವರು. ಇಂಥ ಊರಿನಲ್ಲಿ ಒಂದು ಸಂಜೆ ಎರಡು ತಾಸು ಬಿರುಸಾಗಿ ಮಳೆ ಸುರಿದರೆ ರೈಲ್ವೆ ಕೆಳಸೇತುವೆಯಲ್ಲಿ ಎದೆಮಟ್ಟ ನೀರು ನಿಲ್ಲುತ್ತದೆ. ತಗ್ಗಿನ ಬಡಾವಣೆಗಳಲ್ಲಿ ಚರಂಡಿ ನೀರು ಅಡುಗೆಮನೆಗೆ ಬರುತ್ತದೆ. ಇದಕ್ಕೆ ಮೋಡವನ್ನು ದೂರಿ ಫಲವಿಲ್ಲ. ರಾಜಕಾಲುವೆ ಕಿರಿದಾಗಿರುತ್ತದೆ, ಚರಂಡಿಯಲ್ಲಿ ಹೂಳು ಕೂತಿರುತ್ತದೆ, ಕೆರೆಗೆ ನೀರು ಹೋಗುವ ದಾರಿಯಲ್ಲಿ ಯಾರೋ ಗೋಡೆ ಎಬ್ಬಿಸಿರುತ್ತಾರೆ.

ಈಗ ವಿಮೆಯ ಲೆಕ್ಕಕ್ಕೆ ಬನ್ನಿ. ನೂರು ಮನೆಯಲ್ಲಿ ಒಂದಕ್ಕೆ, ಅದೂ ಎಷ್ಟೋ ವರ್ಷಕ್ಕೊಮ್ಮೆ ಬೆಂಕಿ ಬೀಳುವಂಥ ಕಡೆ ವಿಮೆ ಚೆನ್ನಾಗಿ ಕೆಲಸ ಮಾಡುತ್ತದೆ. ನೂರು ಜನ ಚೂರುಚೂರು ಕೊಟ್ಟದ್ದು ಒಬ್ಬನನ್ನು ಎತ್ತಿ ನಿಲ್ಲಿಸುತ್ತದೆ. ಆದರೆ ಕೆಲವೇ ವರ್ಷಕ್ಕೊಮ್ಮೆ ಅದೇ ಓಣಿಗೆ ಅದೇ ನೀರು ಬರುವುದಾದರೆ, ವಿಮಾ ಕಂಪನಿ ಆ ನಷ್ಟವನ್ನು ಮೊದಲೇ ಎಣಿಸಿ ಕಂತಿಗೆ ಸೇರಿಸುತ್ತದೆ. ಅದರ ಮೇಲೆ ತನ್ನ ಖರ್ಚು, ತನ್ನ ಲಾಭ. ನಮ್ಮ ನಷ್ಟದ ಹಣವನ್ನು ನಾವೇ ಮುಂಗಡ ಕಟ್ಟಿ, ಅದರಲ್ಲೊಂದು ಪಾಲು ಕಳೆದುಕೊಂಡು, ಉಳಿದದ್ದನ್ನು ಹಿಂದಕ್ಕೆ ಪಡೆದಂತಾಗುತ್ತದೆ.

ನಾಗಾಲ್ಯಾಂಡ್ ಕೊಂಡಂಥ ವಿಮೆಯಲ್ಲಿ ಮನೆಮನೆಯ ನಷ್ಟ ಅಳೆಯುವುದಿಲ್ಲ. ಮಳೆಯಂಥದ್ದು ಮೊದಲೇ ಬರೆದ ಮಟ್ಟ ದಾಟಿದರೆ ಹಣ ಬರುತ್ತದೆ, ದಾಟದಿದ್ದರೆ ಇಲ್ಲ. ಹಣ ಬೇಗ ಬರುತ್ತದೆ ಎನ್ನುವುದು ಅದರ ಗುಣ. ಆದರೆ ಹರಿಹರದ ಮಳೆಮಾಪಕ ನೋಡಿ ಹಣ ಕೊಡುವ ವಿಮೆ ಗಂಗಾನಗರಕ್ಕೆ ಏನು ಮಾಡೀತು? ಮಳೆ ಬಿದ್ದದ್ದು ಆಗುಂಬೆಯಲ್ಲಿ, ನೀರು ಬಂದದ್ದು ಇಲ್ಲಿ. ಹೊಳೆಯ ಮಟ್ಟಕ್ಕೆ ವಿಮೆ ಕಟ್ಟಿದರೆ ಹರಿಹರಕ್ಕೇನೋ ಸರಿಹೋದೀತು, ಚರಂಡಿ ನೀರು ನುಗ್ಗಿದ ದಾವಣಗೆರೆಯ ತಗ್ಗಿನ ಮನೆಗೆ ಅದು ತಾಗುವುದಿಲ್ಲ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ನಾಗಾಲ್ಯಾಂಡ್ ಈ ವಿಮೆಯನ್ನು ರಾಜ್ಯದ ಹೆಸರಿನಲ್ಲಿ ಕೊಂಡಿತು, ಮನೆ ತೆರಿಗೆಗೆ ಕೈಹಾಕಲಿಲ್ಲ. ಅಲ್ಲಿ ಮನೆ–ಜಮೀನಿನ ಪುರಸಭಾ ತೆರಿಗೆಗೆ ಬಹಳ ವರ್ಷ ವಿರೋಧವಿತ್ತು. 2023ರ ಪುರಸಭಾ ಕಾಯಿದೆ ಆ ತೆರಿಗೆಯನ್ನೇ ಕೈಬಿಟ್ಟಿತು.

ಹಾಗಾದರೆ ಕಂದಾಯ ಇರುವುದು ಯಾತಕ್ಕೆ? ಬೀದಿಗೆ ದೀಪ, ನಲ್ಲಿಗೆ ನೀರು, ಕಸ, ಚರಂಡಿ, ರಸ್ತೆ, ಉದ್ಯಾನ ಇವೆಲ್ಲಕ್ಕೆ. ಪಾಲಿಕೆಗೆ ತನ್ನದೇ ಎನ್ನಬಹುದಾದ ದೊಡ್ಡ ಆದಾಯ ಇದೊಂದೇ, ಉಳಿದದ್ದು ಬಹುಪಾಲು ಮೇಲಿನಿಂದ ಬರುವ ಅನುದಾನ. ಈ ಹಣ ಚರಂಡಿಯ ಹೂಳು ತೆಗೆದರೆ ನೀರು ಮನೆಗೆ ಬರುವುದೇ ಇಲ್ಲ. ಇದೇ ಹಣ ವಿಮೆಯ ಕಂತಾಗಿ ಊರಾಚೆ ಹೋದರೆ ನೀರು ಬಂದೇ ಬರುತ್ತದೆ, ಆಮೇಲೆ ಪರಿಹಾರ ಬರಲಿ ಎಂದು ಕಾಯಬೇಕು. ಇಲ್ಲ, ಕಂತಿಗೆ ಬೇರೆ ಕರ ಹಾಕುತ್ತೇವೆ, ಚರಂಡಿಯ ಹಣ ಮುಟ್ಟುವುದಿಲ್ಲ ಎನ್ನಬಹುದು. ಆದರೆ ಜನರ ಜೇಬು ಒಂದೇ. ಚಲನ್ನಿನ ಮೊತ್ತ ಏರಿದಂತೆಲ್ಲ ಬಾಕಿ ಏರುತ್ತದೆ. ಬಾಕಿ ಏರಿದರೆ ಮೊದಲು ನಿಲ್ಲುವುದು ಹೂಳೆತ್ತುವ ಕೆಲಸ.

ಇನ್ನು ಯಾರು ಕೊಡುತ್ತಾರೆ, ಯಾರು ನೋಯುತ್ತಾರೆ ಎಂಬ ಮಾತು. ನಮ್ಮಲ್ಲಿ ಆಸ್ತಿ ತೆರಿಗೆಗೆ ಆಧಾರ ಮಾರ್ಗಸೂಚಿ ಬೆಲೆ, ಅಂದರೆ ನೆಲಕ್ಕೂ ಕಟ್ಟಡಕ್ಕೂ ಸರ್ಕಾರ ಗೊತ್ತುಮಾಡಿದ ಬೆಲೆ. ನೆಲದ ಬೆಲೆ ಮನೆಯವರ ಸಂಪಾದನೆಯನ್ನು ಹೇಳುವುದಿಲ್ಲ. ನನ್ನ ದೊಡ್ಡಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲಿನ ಖಾತೆಯಲ್ಲಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಗಳ ಕೂಗು ಒಂದೊಂದಾಗಿ ನಿಂತಿತು. ದೊಡ್ಡಪ್ಪನ ಹಂಚಿನ ಮನೆ ಇದ್ದಲ್ಲೇ ಇತ್ತು, ಸುತ್ತಲಿನ ನೆಲ ಚಿನ್ನವಾಯಿತು. ಅವರ ಸಂಪಾದನೆ ನಿಂತು ಹೋದ ಮೇಲೆ ಅವರ ಕಂದಾಯ ಏರಿತು. ಹರಿಹರದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯನ್ನು ನಂಬಿ ಮನೆ ಕಟ್ಟಿಕೊಂಡ ಕಾರ್ಮಿಕರ ಕುಟುಂಬಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಇಂಥವರ ಮೇಲೆ ವರ್ಷವರ್ಷವೂ ಒಂದು ಕಂತು ಹೊರಿಸುವುದನ್ನು ನಾನು ನ್ಯಾಯವೆನ್ನಲಾರೆ.

ಬಾಡಿಗೆದಾರರ ಗತಿಯನ್ನೂ ನೋಡಿ. ಕಂದಾಯ ಏರಿದರೆ ಮಾಲೀಕರು ಬಾಡಿಗೆಗೆ ಸೇರಿಸುತ್ತಾರೆ, ಅಂದರೆ ಕಂತು ಕಟ್ಟುವವನು ಬಾಡಿಗೆದಾರ. ನೀರು ನುಗ್ಗಿದಾಗ ಹಾಳಾಗುವುದು ಅವನ ಹಾಸಿಗೆ, ಅಕ್ಕಿ, ಮಕ್ಕಳ ಪುಸ್ತಕ. ಮಂಡಕ್ಕಿ ಭಟ್ಟಿಯ ಕಡೆ ಶೆಡ್ಡು ಬಾಡಿಗೆಗೆ ಹಿಡಿದವನದ್ದಾದರೆ ಚೀಲಗಟ್ಟಲೆ ಮಂಡಕ್ಕಿ. ಕಟ್ಟಡದ ವಿಮೆಯ ಹಣ ಹೋಗುವುದು ಕಟ್ಟಡದ ಯಜಮಾನನಿಗೆ. ಕೊಟ್ಟವನೊಬ್ಬ, ಪಡೆದವನೊಬ್ಬ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಚಲನ್ನೇ ಇಲ್ಲದ ಮನೆಗಳು. ಹೊಳೆ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ, ಹಕ್ಕುಪತ್ರವಿಲ್ಲದೆ, ಖಾತೆಯಿಲ್ಲದೆ ಬದುಕುವವರ ಮನೆಗಳು. ಖಾತೆ ಇಲ್ಲದವರಿಗೆ ಕಂದಾಯವಿಲ್ಲ, ಕಂದಾಯ ಕಟ್ಟದವರಿಗೆ ವಿಮೆಯಿಲ್ಲ ಎಂದಾದರೆ ಮೊದಲು ಮುಳುಗುವವರೇ ಪಟ್ಟಿಯಿಂದ ಹೊರಗೆ. ಹಾಗೆ ಹೊರಗುಳಿದವರಿಗೆ ನಾಳೆ ಸರ್ಕಾರ, ‘ವಿಮೆ ಇತ್ತಲ್ಲ, ಸೇರಬೇಕಿತ್ತು’ ಎಂದು ಪರಿಹಾರವನ್ನೂ ಕಡಿತ ಮಾಡಿದರೆ? ವಿಪತ್ತಿನಲ್ಲಿ ನೆರವು ಪಡೆಯುವುದು ಪ್ರಜೆಯ ಹಕ್ಕು. ಅದು ಪಾಲಿಸಿದಾರನ ಸವಲತ್ತಾಗಿ ಇಳಿಯಬಾರದು.

ಕರಗಳ ಚರಿತ್ರೆಯೂ ನಮ್ಮನ್ನು ಎಚ್ಚರಿಸುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಉದ್ದೇಶ ಉದಾತ್ತವಾದದ್ದು. ಮನೆ ತೆರಿಗೆ ಕಟ್ಟುವ ಪ್ರತಿಯೊಬ್ಬನೂ ಊರಿನ ವಾಚನಾಲಯಕ್ಕೆ ಕಾಸು ಕೊಡಲಿ ಎಂದಿತು. ಆದರೆ ಬೆಂಗಳೂರಿನಲ್ಲಿ ಜನರಿಂದ ಸಂಗ್ರಹಿಸಿದ ನೂರಾರು ಕೋಟಿ ಗ್ರಂಥಾಲಯ ಕರ ಇಲಾಖೆಗೆ ಸಲ್ಲದೆ ಬಾಕಿ ಉಳಿದ ಸಂಗತಿ ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಚರ್ಚೆಯಾಯಿತು. ಪುಸ್ತಕದ ಹಣ ತಡವಾದರೆ ಓದು ತಡವಾದೀತು. ವಿಮೆಯ ಕಂತು ಒಂದು ದಿನ ತಡವಾದರೆ ಪಾಲಿಸಿಯೇ ಸತ್ತುಹೋಗಬಹುದು, ಜನ ಕಟ್ಟಿದ ರಸೀದಿ ಕೈಯಲ್ಲಿದ್ದರೂ ಪರಿಹಾರ ಬರದಿರಬಹುದು.

ಒಮ್ಮೆ ಬಂದ ಕರ ಸುಲಭವಾಗಿ ಹೋಗುವುದೂ ಇಲ್ಲ. 2001ರ ಜನವರಿ 26ರಂದು ಗುಜರಾತಿನ ಭುಜ್ ಕಂಪಿಸಿತು. ಆ ವರ್ಷದ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಸಿಗರೇಟು, ಪಾನ್ ಮಸಾಲದಂಥ ಸರಕುಗಳ ಮೇಲೆ ರಾಷ್ಟ್ರೀಯ ವಿಪತ್ತಿನ ಹೆಸರಿನಲ್ಲಿ ಒಂದು ಸುಂಕ ಹಾಕಿತು. ಎರಡು ದಶಕ ಕಳೆದರೂ ಅದು ಹೋಗಲಿಲ್ಲ. ನೆರೆಯ ಕೇರಳದ ನಡೆ ಬೇರೆ. 2018ರ ಪ್ರಳಯದ ಬಳಿಕ ಅದು ಶೇಕಡಾ 1ರ ನೆರೆ ಕರ ತಂದಿತು. 2019ರ ಆಗಸ್ಟ್ 1ಕ್ಕೆ ಆರಂಭ, 2021ರ ಜುಲೈ 31ಕ್ಕೆ ಮುಕ್ತಾಯ. ಕೊಳ್ಳುವ ಸರಕಿನ ಮೇಲೆ ಹಾಕಿತು, ವಾಸದ ಮನೆಯ ಮೇಲೆ ಹಾಕಲಿಲ್ಲ. ಹೇಳಿದ ದಿನಕ್ಕೆ ನಿಲ್ಲಿಸಿತು. ವಿಮೆಯ ಕರಕ್ಕಾದರೋ ಕೊನೆಯ ದಿನವೆಂಬುದೇ ಇರುವುದಿಲ್ಲ, ಪ್ರತಿ ವರ್ಷ ಪಾಲಿಸಿ ನವೀಕರಿಸಲೇಬೇಕು.

ನನ್ನ ಮಾತಿಗೆ ಎದುರಾಗಿ ನಿಲ್ಲುವ ಒಂದು ಒಳ್ಳೆಯ ಉದಾಹರಣೆಯೂ ಇದೆ. ಅದನ್ನು ಮುಚ್ಚಿಟ್ಟರೆ ನಿಮಗೆ ಅನ್ಯಾಯ ಮಾಡಿದಂತೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಮನಿಸಾಲೆಸ್ ಎಂಬ ಗುಡ್ಡಗಾಡಿನ ನಗರವಿದೆ. ಭೂಕಂಪ, ಭೂಕುಸಿತ ಅಲ್ಲಿಯವರಿಗೆ ಹೊಸತಲ್ಲ. ಅಲ್ಲಿ ಮನೆ ತೆರಿಗೆ ಕಟ್ಟುವಾಗಲೇ ವಿಮೆಯ ಕಂತನ್ನೂ ಕಟ್ಟಬಹುದು. ವಿಮೆಗೆ ಅರ್ಹವಾದ ಆಸ್ತಿಯಲ್ಲಿ ಶೇಕಡಾ 30ರಷ್ಟು ಒಳಗೆ ಬಂದರೆ, ತೆರಿಗೆ ವಿನಾಯಿತಿ ಇರುವ ಬಡವರ ಮನೆಗಳಿಗೂ ತಾವಾಗಿ ರಕ್ಷಣೆ ಸಿಗುತ್ತದೆ. ಇದ್ದವರು ಕೊಟ್ಟದ್ದು ಇಲ್ಲದವರನ್ನು ಕಾಯುವ ಈ ಏರ್ಪಾಡನ್ನು ನಾನು ಗೌರವಿಸುತ್ತೇನೆ. ಅದರ ಜೀವ ಇರುವುದು ‘ಕಟ್ಟಬಹುದು’ ಎಂಬ ಒಂದು ಪದದಲ್ಲಿ. ಬೇಡವೆನ್ನುವವನಿಗೆ ಬಲವಂತವಿಲ್ಲ.

ಬಲವಂತದ ವಿಮೆಯ ರುಚಿ ನಮ್ಮ ರೈತರಿಗೆ ಗೊತ್ತು. 2016ರಲ್ಲಿ ಪ್ರಧಾನಮಂತ್ರಿ ಫಸಲ್ ಬಿಮಾ ಬಂದಾಗ ಬೆಳೆಸಾಲ ಪಡೆದವರೆಲ್ಲ ಸೇರಲೇಬೇಕಿತ್ತು. ಮುಂಗಾರು ಬೆಳೆಗೆ ವಿಮೆ ಮೊತ್ತದ ಶೇಕಡಾ 2, ಹಿಂಗಾರಿಗೆ ಒಂದೂವರೆ, ಸಾಲದ ಖಾತೆಯಲ್ಲೇ ಕಡಿತ. ನಷ್ಟವನ್ನು ಹೊಲಹೊಲದಲ್ಲಿ ಅಳೆಯದೆ ಊರಿನ ಸರಾಸರಿ ಇಳುವರಿಯಲ್ಲಿ ಅಳೆದಾಗ, ತನ್ನ ಮೆಕ್ಕೆಜೋಳ ಮಲಗಿದ್ದರೂ ಪಕ್ಕದವರದು ನಿಂತಿದೆ ಎಂಬ ಕಾರಣಕ್ಕೆ ಬರಿಗೈಲಿ ಉಳಿಯುವ ರೈತನಿದ್ದ. ಕೊನೆಗೆ 2020ರ ಮುಂಗಾರಿನಿಂದ ಆ ಯೋಜನೆಯನ್ನು ಐಚ್ಛಿಕ ಮಾಡಲಾಯಿತು. ಹೊಲದವನಿಗೆ ಬೇಕು ಬೇಡ ಹೇಳುವ ಹಕ್ಕು ಸಿಕ್ಕಿದ ಮೇಲೆ, ಮನೆಯವನಿಂದ ಅದನ್ನು ಕಿತ್ತುಕೊಳ್ಳುವುದು ಸರಿಯೇ?

ಹಾಗಾದರೆ ಏನು ಮಾಡೋಣ? ಬೇಡ ಎಂದಷ್ಟೇ ಹೇಳಿ ಎದ್ದುಹೋಗಲು ನಾನು ಬಂದಿಲ್ಲ.

ಮೊದಲನೆಯದು, ಇರುವ ಹಣದ ಲೆಕ್ಕ ಕೇಳೋಣ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿರ್ವಹಣೆಗೆ ಒಟ್ಟು 1 ಲಕ್ಷ 60 ಸಾವಿರ ಕೋಟಿ ರೂಪಾಯಿಗೂ ಮೀರಿದ ನಿಧಿಯನ್ನು ಶಿಫಾರಸು ಮಾಡಿತು. ಅದರಲ್ಲಿ ಶೇಕಡಾ 20ರಷ್ಟನ್ನು ಅನಾಹುತ ಆಗುವ ಮುಂಚೆಯೇ ಅದನ್ನು ತಗ್ಗಿಸುವ ಕೆಲಸಕ್ಕೆ ಮೀಸಲಿಟ್ಟಿತು. ಗಂಗಾನಗರಕ್ಕೆ ಗಟ್ಟಿ ತಡೆಗೋಡೆಯೋ, ಎತ್ತರದ ಜಾಗದಲ್ಲಿ ಹಕ್ಕುಪತ್ರ ಸಹಿತ ಹೊಸ ಮನೆಯೋ, ದಾವಣಗೆರೆಗೆ ಅಗಲವಾದ ರಾಜಕಾಲುವೆಯೋ ಆಗಬೇಕಾದದ್ದು ಇಂಥ ಹಣದಿಂದ. ಅದು ದೇಶದ, ರಾಜ್ಯದ ಒಟ್ಟು ಬೊಕ್ಕಸದ್ದು. ಕಷ್ಟವನ್ನು ಹಂಚಿಕೊಳ್ಳುವುದಾದರೆ ಅಷ್ಟು ದೊಡ್ಡ ಪಂಕ್ತಿಯಲ್ಲೇ ಹಂಚಿಕೊಳ್ಳಬೇಕು. ಹರಿಹರದ ನಷ್ಟವನ್ನು ಹರಿಹರದ ಮನೆಗಳೇ ಹೊತ್ತರೆ ಅದು ಹಂಚಿಕೆಯೆನಿಸದು.

ಎರಡನೆಯದು, ವಿಮೆ ಬೇಕೆನ್ನುವವರಿಗೆ ದಾರಿ ತೆರೆಯೋಣ. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆ ದೇಶದಲ್ಲಿ ಜಾರಿಯಲ್ಲಿದೆ. ಬೆಂಕಿ, ನೆರೆ, ಬಿರುಗಾಳಿ, ಭೂಕಂಪ ಎಲ್ಲಕ್ಕೂ ಅದರಲ್ಲಿ ರಕ್ಷಣೆ ಇದೆ, ಮನೆಯೊಳಗಿನ ಸಾಮಾನಿಗೂ ಇದೆ. ಎಷ್ಟು ಜನರಿಗೆ ಈ ಹೆಸರು ಗೊತ್ತು? ಕಂದಾಯ ಕಟ್ಟುವ ಕಟ್ಟೆಯಲ್ಲೇ ಕನ್ನಡದಲ್ಲಿ ಅದರ ವಿವರ ಸಿಗಲಿ. ಸ್ವಂತ ಇಚ್ಛೆಯಿಂದ ವಿಮೆ ಮಾಡಿಸಿದವರಿಗೆ, ಮಳೆನೀರು ಇಂಗಿಸುವವರಿಗೆ ಕಂದಾಯದಲ್ಲಿ ಚೂರು ರಿಯಾಯಿತಿ ಕೊಡಲಿ. ಬಡವರ ಮನೆಗಳಿಗೆ ಒಟ್ಟಾಗಿ ವಿಮೆ ಮಾಡಿಸುವ ಮನಸ್ಸಿದ್ದರೆ ರಾಜ್ಯ ಸರ್ಕಾರ ತನ್ನ ಬಜೆಟ್ಟಿನಿಂದ ಮಾಡಿಸಲಿ, ಖಾತೆ ಇಲ್ಲದವರನ್ನೂ ಸೇರಿಸಲಿ.

ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು. ಗಾಜನೂರಿನಲ್ಲಿ ಬಿಟ್ಟ ನೀರು ಹರಿಹರ ಮುಟ್ಟಲು ಗಂಟೆಗಳೇ ಬೇಕು. ಆ ಗಂಟೆಗಳು ನಮ್ಮ ಆಸ್ತಿ. ಎಷ್ಟು ನೀರು ಬಿಟ್ಟರು, ಯಾವ ಓಣಿಗೆ ಎಷ್ಟು ಹೊತ್ತಿಗೆ, ಯಾವ ಮಟ್ಟಕ್ಕೆ ಬರುತ್ತದೆ ಎಂಬುದು ಅಧಿಕಾರಿಗಳ ಕಡತದಲ್ಲಿ ಕೂರದೆ ಓಣಿಯ ಧ್ವನಿವರ್ಧಕಕ್ಕೆ, ಪ್ರತಿ ಮನೆಯ ಮೊಬೈಲಿಗೆ, ಈ ಬಾನುಲಿಗೆ ಬರಬೇಕು.

ಹರಿಹರದ ಹೊಳೆ ದಂಡೆಯ ಓಣಿಯಲ್ಲಿ ಹಿಂದೊಮ್ಮೆ ಒಬ್ಬ ಅಜ್ಜಿಯನ್ನು ಮಾತಾಡಿಸಿದ್ದೆ. ನೀರು ಇಳಿದು ಎರಡು ದಿನವಾಗಿತ್ತು. ಕಾಳಜಿ ಕೇಂದ್ರದಿಂದ ಬಂದು ಬಾಗಿಲ ಮುಂದಿನ ಕೆಸರು ಬಳಿಯುತ್ತಿದ್ದರು. ಗೋಡೆಯ ಮೇಲೆ ನೀರು ನಿಂತ ಗೆರೆ ನನ್ನ ಸೊಂಟದ ಮಟ್ಟಕ್ಕಿತ್ತು. ಅದರ ಕೆಳಗೆ ಹಳೆಯ ವರ್ಷಗಳ ಮಾಸಿದ ಗೆರೆಗಳು. ‘ಪರಿಹಾರ ಬಂತೇನಜ್ಜಿ?’ ಎಂದೆ. ಅವರು ಕೈಯಲ್ಲಿನ ಮೊರ ಕೆಳಗಿಟ್ಟು ಹೇಳಿದರು: ‘ಹೊಳೆ ಬರಾದು ನಮಗೇನು ಹೊಸದಲ್ಲ ತಮ್ಮಾ. ಬರೋ ಮುಂಚೆ ಹೇಳ್ರಿ, ಸಾಮಾನು ಎತ್ತಿಟ್ಕಂತೀವಿ. ಬಂದ ಮ್ಯಾಲೆ ಕೊಡೋ ರೊಕ್ಕ ಬಂದಾಗ ಬರ್ಲಿ.’

ಆ ಅಜ್ಜಿ ಕೇಳಿದ್ದು ಮುಂಚಿನ ಕೆಲಸವನ್ನು. ಮನೆ ಕಂದಾಯವೂ ಮುಂಚಿನ ಕೆಲಸದ ಹಣವೇ. ಈ ಏಪ್ರಿಲ್‌ನಲ್ಲಿ ಕಂದಾಯ ಕಟ್ಟುವಾಗ ಚಲನ್ನಿನ ಎಲ್ಲ ಸಾಲು ಓದಿ. ಕಟ್ಟುವುದನ್ನು ತಪ್ಪಿಸಬೇಡಿ, ಊರು ನಡೆಯುವುದು ಅದರಿಂದಲೇ. ರಸೀದಿ ಕೈಗೆ ಬಂದ ಮೇಲೆ ನಿಮ್ಮ ವಾರ್ಡಿನವರನ್ನು ಒಂದು ಪ್ರಶ್ನೆ ಕೇಳಿ: ರೋಹಿಣಿ ಮಳೆ ಹುಟ್ಟುವ ಮುಂಚೆ ನಮ್ಮ ಬೀದಿಯ ಯಾವ ಕಾಲುವೆಯ ಹೂಳು ತೆಗೆಸುತ್ತೀರಿ?